ಬಿಂದುವಿನ ಪಕ್ಕದ ಸೊನ್ನೆಗೆ ಬೆಲೆ ಇದೆ

ಮಾನ್ಯರೆ,

ನಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಹದಿನಾಲ್ಕು ವರ್ಷಗಳಿಂದ ನಾನು ಹಾಲು ಪರೀಕ್ಷಕಿ. ನನ್ನ ಅಣ್ಣನ ಮಗಳು ಐದನೇ ತರಗತಿ, ನವೋದಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಸಂಜೆ ಹಾಲು ಹಾಕುವವರೆಲ್ಲ ಹೋದ ಮೇಲೆ ಡೇರಿ ಜಗಲಿಯಲ್ಲೇ ಕೂತು ಲೆಕ್ಕ ಮಾಡುತ್ತಾಳೆ. ಕಳೆದ ವಾರ ಅವಳು 4.05 ಮತ್ತು 4.5 ಎರಡೂ ಸಮ ಎಂದು ಬರೆದಿದ್ದಳು. ಕೇಳಿದರೆ, “ಅತ್ತೆ, ಪಾಯಿಂಟ್ ಆದ್ಮೇಲೆ ಬರೋ ಸೊನ್ನೆಗೆ ಬೆಲೆ ಇಲ್ಲ ಅಂತ ಕೋಚಿಂಗ್‌ನಲ್ಲಿ ಹೇಳ್ಕೊಟ್ಟಿದ್ದಾರೆ” ಅಂದಳು. ಅವಳ ಗೈಡಿನಲ್ಲೂ ಅದೇ ಮಾತು ದಪ್ಪಕ್ಷರದಲ್ಲಿತ್ತು.

ಆ ಮಾತಿನಲ್ಲಿ ‘ಕೊನೆಯ’ ಎಂಬ ಒಂದು ಪದ ಬಿಟ್ಟುಹೋಗಿದೆ. ಬಿಂದುವಿನ ಬಲಕ್ಕೆ ಕಟ್ಟಕಡೆಗೆ ಬರುವ ಸೊನ್ನೆ ತೆಗೆದರೆ ಬೆಲೆ ಬದಲಾಗುವುದಿಲ್ಲ ಅನ್ನುವುದು ಸರಿ. ಆದರೆ ಬಿಂದುವಿಗೂ ಇನ್ನೊಂದು ಅಂಕಿಗೂ ನಡುವೆ ಇರುವ ಸೊನ್ನೆ ಆ ಅಂಕಿಯನ್ನು ಹತ್ತನೇ ಒಂದರ ಜಾಗದಿಂದ ನೂರನೇ ಒಂದರ ಜಾಗಕ್ಕೆ ತಳ್ಳುತ್ತದೆ.

ಅವಳಮ್ಮನದೇ ಹಾಲಿನ ಚೀಟಿಗಳನ್ನು ಮುಂದಿಟ್ಟೆ. ಒಂದು ಹೊತ್ತು 4.05 ಲೀಟರ್, ಇನ್ನೊಂದು ಹೊತ್ತು 4.50. ಮೊದಲನೆಯದು ನಾಲ್ಕು ಲೀಟರಿನ ಮೇಲೆ ಬರೀ 50 ಮಿಲಿ, ಎರಡನೆಯದು ನಾಲ್ಕೂವರೆ. “ನಾಲ್ಕೂವರೆ ತಂದವರಿಗೆ ನಾನು 4.05 ಅಂತ ಬರೆದರೆ?” ಅಂದೆ. “450 ಮಿಲಿ ಹೋಯ್ತು! ಅಮ್ಮ ಜಗಳಕ್ಕೇ ಬರ್ತಾಳೆ” ಅಂದಳು. ಫ್ಯಾಟ್ (ಹಾಲಿನ ಜಿಡ್ಡಿನ ಅಂಶ) 4 ಅಂದರೂ 4.0 ಅಂದರೂ ಕೊಡುವ ದರ ಒಂದೇ ಎಂಬುದನ್ನೂ ಅದೇ ಚೀಟಿಯಲ್ಲಿ ತೋರಿಸಿದೆ. ಆದರೂ ಯಂತ್ರ 4.0 ಎಂದೇ ತೋರಿಸುವುದು ಯಾಕೆಂದರೆ, ಹತ್ತನೇ ಒಂದು ಭಾಗದ ತನಕ ಅಳೆದಾಗಿದೆ, ಅಲ್ಲಿ ಏನೂ ಇಲ್ಲ ಎಂದು ತಿಳಿಸುವುದಕ್ಕೆ.

ನಮಗೆ ಇದನ್ನು ಪೈಸೆ ಕಲಿಸಿತ್ತು. ಐದು ಪೈಸೆಗೂ ಐವತ್ತು ಪೈಸೆಗೂ ಇರುವ ವ್ಯತ್ಯಾಸ ಅಂಗಡಿಯಲ್ಲೇ ಗೊತ್ತಾಗುತ್ತಿತ್ತು. 2011ರ ಜೂನ್ ಕೊನೆಗೆ 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳ ಚಲಾವಣೆ ನಿಂತಿತು. ಆಮೇಲೆ ಹುಟ್ಟಿದ ಈ ಮಕ್ಕಳಿಗೆ 0.05 ಎಂಬುದು ಕೈಗೆ ಸಿಕ್ಕಿದ ವಸ್ತುವೇ ಅಲ್ಲ. ಓದುವ ರೂಢಿಯೂ ದಾರಿ ತಪ್ಪಿಸುತ್ತದೆ. 4.15 ಅನ್ನು ‘ನಾಲ್ಕು ಪಾಯಿಂಟ್ ಹದಿನೈದು’ ಎಂದರೆ ಮಗು ಹದಿನೈದು ಐದಕ್ಕಿಂತ ದೊಡ್ಡದು ಅಂದುಕೊಂಡು 4.5ನ್ನು ಚಿಕ್ಕದು ಮಾಡುತ್ತದೆ. ಡೇರಿಯಲ್ಲಿ ನಾವೂ ಹಾಗೇ ಓದುತ್ತಿದ್ದೆವು. ಈಗ ನಾನು ‘ನಾಲ್ಕು ಪಾಯಿಂಟ್ ಒಂದು ಐದು’ ಅನ್ನುತ್ತೇನೆ.

ಅವಳಿಗೆ ಒಂದು ಲೆಕ್ಕ ಕೊಟ್ಟೆ: 0.5, 0.05, 0.505, 0.055, ಇವನ್ನು ಏರಿಕೆ ಕ್ರಮದಲ್ಲಿ ಬರೆ. ಬೆಲೆ ಇಲ್ಲದ ಕೊನೆಯ ಸೊನ್ನೆಯೇ ಇಲ್ಲಿ ನೆರವಿಗೆ ಬರುತ್ತದೆ. ಎಲ್ಲಕ್ಕೂ ಬಿಂದುವಿನ ನಂತರ ಮೂರು ಸ್ಥಾನ ತುಂಬಿಸಿದರೆ 0.500, 0.050, 0.505, 0.055. ಇನ್ನು 50, 55, 500, 505 ಎಂದು ಜೋಡಿಸುವುದಷ್ಟೇ. ಮೂರು ದಿನದಲ್ಲಿ ಇಂಥವನ್ನು ತಾನೇ ಹುಟ್ಟಿಸಿಕೊಂಡು ಬಿಡಿಸತೊಡಗಿದಳು.

ನವೋದಯ ಪರೀಕ್ಷೆಯಲ್ಲಿ 100 ಅಂಕಕ್ಕೆ 80 ಪ್ರಶ್ನೆ, ಎರಡು ಗಂಟೆ. ಅದರಲ್ಲಿ ಅಂಕಗಣಿತದ್ದು 20 ಪ್ರಶ್ನೆ, 25 ಅಂಕ. ಅಂದರೆ ಒಂದು ಪ್ರಶ್ನೆಗೆ 1.25, ಒಂದೂಕಾಲು ಅಂಕ. ಇಂಥ ಒಂದೂಕಾಲು ಅಂಕದಲ್ಲೇ ಹಳ್ಳಿಯ ಮಗುವಿನ ಸೀಟು ತಪ್ಪಬಹುದು.

ಗೈಡ್ ಅಚ್ಚು ಹಾಕಿಸುವವರು ಆ ವಾಕ್ಯಕ್ಕೆ ‘ಕೊನೆಯ’ ಎಂಬ ಪದ ಸೇರಿಸಲಿ. ತಾವೂ ಮಕ್ಕಳಿಗಾಗಿ ಮಾದರಿ ಪ್ರಶ್ನೆ ಪ್ರಕಟಿಸುವಾಗ ಉತ್ತರ ಎ, ಬಿ ಎಂದಷ್ಟೇ ಕೊಡದೆ, ಉಳಿದ ಮೂರು ಯಾಕೆ ತಪ್ಪು ಎಂದು ಒಂದೊಂದು ಸಾಲು ಹಾಕಿಸಬೇಕೆಂದು ಕೋರುತ್ತೇನೆ.

– ಒಬ್ಬ ಹಾಲು ಪರೀಕ್ಷಕಿ, ಚನ್ನರಾಯಪಟ್ಟಣ ತಾಲ್ಲೂಕು, ಹಾಸನ ಜಿಲ್ಲೆ