ದೊಡ್ಡವ್ವನಿಗೆ, ಮತ್ತೆ ನಮ್ಮ ಜೊತೆ ನಿಂತ ಎಲ್ಲರಿಗೂ

ಆಸ್ಪತ್ರೆಯಿಂದ ಬಂದು ತಿಂಗಳುಗಳಾದ ಮೇಲೆ ನಮ್ಮವರು ಈ ವಾರ ಮತ್ತೆ ಮಗ್ಗಕ್ಕೆ ಕೂತರು. ಇಡೀ ದಿನ ಅಲ್ಲ. ಬೆಳಿಗ್ಗೆ ಸ್ವಲ್ಪ ಹೊತ್ತು, ಮಧ್ಯಾಹ್ನ ಮಲಗಿ ಎದ್ದ ಮೇಲೆ ಇನ್ನು ಸ್ವಲ್ಪ ಹೊತ್ತು. ಲಾಳಿಯ ಸದ್ದು ಕೇಳಿ ಓಣಿಯವರು ಒಬ್ಬೊಬ್ಬರೇ ಬಾಗಿಲಿಗೆ ಬಂದು ನೋಡಿ ಹೋದರು. ಗುಳೇದಗುಡ್ಡದಲ್ಲಿ ಮಗ್ಗದ ಸದ್ದು ಯಾರಿಗೂ ಹೊಸದಲ್ಲ. ಆದರೆ ನಮ್ಮ ಮನೆಯ ಸದ್ದು ನಿಂತು ಹೋಗಿದ್ದು ಎಲ್ಲರಿಗೂ ಗೊತ್ತಾಗಿತ್ತು, ಅಲ್ವಾ? ಅದಕ್ಕೇ ಬಂದರು.

ಏನಾಗಿತ್ತು, ಎಲ್ಲೆಲ್ಲಿ ತೋರಿಸಿದೆವು, ಡಾಕ್ಟರು ಏನೇನು ಹೇಳಿದರು ಅನ್ನುವುದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ. ನಿಮಗೆಲ್ಲ ಥ್ಯಾಂಕ್ಸ್ ಹೇಳಬೇಕು, ಅಷ್ಟಕ್ಕೇ ಬರೆಯುತ್ತಿದ್ದೇನೆ.

ರಕ್ತ ಕೊಟ್ಟ ನಮ್ಮ ಚರ್ಚಿನ ಸಭೆಯ ಹುಡುಗರು, ದುಡ್ಡು ಹೊಂದಿಸಿದ ಮೈದುನ, ಮಗಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಶಾಲೆಗೆ ಕಳಿಸಿದ ನಮ್ಮ ಅತ್ತಿಗೆ, ಬಾಗಲಕೋಟೆಯ ಆಸ್ಪತ್ರೆಯ ಸಿಸ್ಟರ್‌ಗಳು, ಕೊಟ್ಟ ಮುಂಗಡ ಕೇಳದೆ ಸುಮ್ಮನಿದ್ದ ಸಾವುಕಾರರು, ಬಾದಾಮಿಯಿಂದ ಎರಡು ಸಲ ಬಂದು ನೋಡಿಕೊಂಡು ಹೋದ ನನ್ನ ಶಾಲೆಯ ಗೆಳತಿಯರು, ಎಲ್ಲರಿಗೂ ಕೈ ಮುಗಿಯುತ್ತೇನೆ. ಒಬ್ಬೊಬ್ಬರ ಮನೆಗೂ ಬಂದು ಹೇಳುವ ಆಸೆ ಇದೆ. ಸದ್ಯಕ್ಕೆ ಇಷ್ಟು.

ಇನ್ನು ದೊಡ್ಡವ್ವನ ಮಾತು.

ಬಾಜು ಮನೆಯ ದೊಡ್ಡವ್ವ ನಮಗೆ ರಕ್ತಸಂಬಂಧಿ ಅಲ್ಲ. ನಮ್ಮ ಸಭೆಯವಳೂ ಅಲ್ಲ. ಬನಶಂಕರಿಗೆ ನಡೆದುಕೊಳ್ಳುವವಳು. ಬನದ ಹುಣ್ಣಿಮೆ ಜಾತ್ರೆ ತಪ್ಪಿಸುವುದಿಲ್ಲ. ಓಣಿಯ ಮಗ್ಗಗಳಿಗೆ ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತಿ ಕೊಟ್ಟು ಜೀವನ ನಡೆಸುತ್ತಾಳೆ. ನೂಲು ಎಳೆದೂ ಎಳೆದೂ ಅವಳ ತೋರುಬೆರಳಿನ ಪಕ್ಕದಲ್ಲಿ ಒಂದು ಗೆರೆ ಬಿದ್ದಿದೆ. ಮುಟ್ಟಿದರೆ ಗಟ್ಟಿಯಾಗಿ ಕೈಗೆ ಸಿಗುತ್ತದೆ. ಆ ರಾತ್ರಿ ನಾನು ಆ ಕೈ ತುಂಬಾ ಹೊತ್ತು ಹಿಡಿದುಕೊಂಡಿದ್ದೆ, ಅದಕ್ಕೇ ಗೊತ್ತು.

ನಮ್ಮವರನ್ನು ಕರೆದುಕೊಂಡು ಗಾಡಿ ಹೊರಡುವಾಗ ಅವಳನ್ನು ಯಾರೂ ಕರೆದಿರಲಿಲ್ಲ. ಬುತ್ತಿ ಗಂಟು, ಒಂದು ಚಾದರ ಹಿಡಿದು ಬಂದು ಹತ್ತಿ ಕೂತಳು. ದಾರಿಯುದ್ದಕ್ಕೂ ಅವರ ಕಾಲು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ರಾತ್ರಿ ಅವರನ್ನು ಐಸಿಯುಗೆ ಹಾಕಿದರು. ಬೆಳಗಿನ ತನಕ ನೋಡೋಣ ಅಂದರು ಡಾಕ್ಟರು. ಮತ್ತೇನೂ ಹೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಸಿಸ್ಟರ್ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮುಂದಿಟ್ಟರು. ಅದರಲ್ಲಿ ಅವರ ಅಂಗಿ, ಪ್ಯಾಂಟು, ಕೊರಳಲ್ಲಿದ್ದ ಶಿಲುಬೆಯ ದಾರ. ಅಂಗಿಯ ಮುಂಭಾಗವೆಲ್ಲ ವಾಂತಿಯ ಕಲೆ. ನಾನು ನೋಡಿದೆ, ಮುಟ್ಟಲು ಆಗಲಿಲ್ಲ. ಸತ್ತವರ ಬಟ್ಟೆಯನ್ನೂ ಹೀಗೇ ಚೀಲದಲ್ಲಿ ಹಾಕಿ ಕೊಡುತ್ತಾರೆ ಅಂತ ಮನಸ್ಸಿಗೆ ಬಂತು. ಬಂದ ಮೇಲೆ ಹೋಗಲೇ ಇಲ್ಲ.

ದೊಡ್ಡವ್ವ ಚೀಲ ತಗೊಂಡಳು. ಶಿಲುಬೆಯ ದಾರ ತೆಗೆದು ನನ್ನ ಕೈಯಲ್ಲಿಟ್ಟು ಬೆರಳು ಮಡಚಿದಳು. ಅಂಗಿ ಹಿಡಿದು ನಳದ ಕಡೆ ಹೋದಳು. ಯಾರದ್ದೋ ಹತ್ತಿರ ಸಾಬೂನಿನ ತುಂಡು ಕೇಳಿ ತಗೊಂಡು ಆ ಸರಿರಾತ್ರಿಯಲ್ಲಿ ಅಂಗಿ ಒಗೆದಳು. ಕಾಲರ್ ತಿಕ್ಕಿದಳು, ಕಲೆ ಇದ್ದ ಕಡೆ ಇನ್ನೊಂದು ಸಲ ತಿಕ್ಕಿದಳು. ಹಿಂಡಿ, ಝಾಡಿಸಿ, ಕಿಟಕಿಯ ಸರಳಿಗೆ ಹರವಿದಳು. ತೋಳುಗಳು ನೆಲಕ್ಕೆ ತಾಗದ ಹಾಗೆ ಮೇಲಕ್ಕೆ ಸಿಕ್ಕಿಸಿದಳು.

“ಈ ಹೊತ್ತಿನ್ಯಾಗ ಯಾಕ, ದೊಡ್ಡವ್ವ?” ಅಂದೆ.

“ಮನಿಗಿ ಹೋಗೂಮುಂದ ಹಾಕ್ಕೊಳ್ಳಾಕ ಬೇಕಲ್ಲ” ಅಂದಳು.

ನಾನು ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಬೈಬಲಿನ ‘ಇಬ್ರಿಯರಿಗೆ ಬರೆದ ಪತ್ರಿಕೆ’ಯ 11ನೇ ಅಧ್ಯಾಯ ಬಾಯಿಪಾಠ ಮಾಡಿಸಿದವಳು. ನಂಬಿಕೆ ಅಂದರೆ ಕಣ್ಣಿಗೆ ಕಾಣದ್ದನ್ನು ನಿಜವೆಂದು ಹಿಡಿಯುವುದು ಅಂತ ಹೇಳಿಕೊಟ್ಟವಳು. ಆ ಅಧ್ಯಾಯದಲ್ಲಿ ಅಬ್ರಹಾಮ ಇದ್ದಾನೆ, ಮೋಶೆ ಇದ್ದಾನೆ. ನನ್ನ ಮಟ್ಟಿಗೆ ಆ ರಾತ್ರಿ ನಂಬಿಕೆ ಕಿಟಕಿಯ ಸರಳಿನ ಮೇಲೆ ಒಣಗುತ್ತಿತ್ತು. ನನ್ನ ಬಾಯಲ್ಲಿ ಪ್ರಾರ್ಥನೆ ಬರುತ್ತಿರಲಿಲ್ಲ. ದೇವರ ಮೇಲೆ ಸಿಟ್ಟು ಬಂದಿತ್ತು. ನಿನಗೆ ನಮ್ಮ ಮನೆಯೇ ಸಿಕ್ಕಿತಾ ಅಂತ ಕೇಳಿದೆ. ಇವರೊಬ್ಬರು ಹೋದರೆ ನಾನು ಯಾರಿಗಾಗಿ ಬದುಕಲಿ ಅಂತ ಕೇಳಿದೆ. ಉತ್ತರ ಬರಲಿಲ್ಲ. ಪಕ್ಕದಲ್ಲಿ ದೊಡ್ಡವ್ವ ಬುತ್ತಿ ಬಿಚ್ಚಿದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ. ನಾನು ಬೇಡ ಅಂದೆ.

“ತಿನ್ನ ಯವ್ವಾ. ನೀ ಉಪಾಸ ಕುಂತ್ರ ಅಂವ ಆರಾಮ ಆಕ್ಕಾನೇನು? ಬೆಳಕ ಹರಿದ ಮ್ಯಾಲೆ ಓಡ್ಯಾಡೋದ ಭಾಳ ಐತಿ.”

ತಿಂದೆ. ಅಲ್ಲೇ ಚಾದರದ ಮೇಲೆ ಮಲಗಿಸಿದಳು. ನಾನು ಸ್ವಲ್ಪ ಹೊತ್ತು ನಿದ್ದೆಯನ್ನೂ ಮಾಡಿದೆ. ಅವಳು ಮಾಡಲಿಲ್ಲ.

ಒಂದನೇ ಅರಸುಗಳ ಪುಸ್ತಕದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯನ ಕಥೆ ಇದೆ. ಜೀವಕ್ಕೆ ಹೆದರಿ ಓಡಿ ಬಂದು ಜಾಲಿ ಗಿಡದ ಕೆಳಗೆ ಕೂತು, ಸಾಕಪ್ಪಾ ದೇವರೇ, ನನ್ನ ಪ್ರಾಣ ತಗೋ ಅನ್ನುತ್ತಾನೆ. ದೇವರು ಅವನಿಗೆ ಬೈಯಲಿಲ್ಲ. ದೇವದೂತ ಬಂದು ಅವನನ್ನು ತಟ್ಟಿ, ಎದ್ದು ತಿನ್ನು ಅಂದ. ನೋಡಿದರೆ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ, ಮುಂದಿನ ದಾರಿ ದೂರ ಇದೆ ಅಂತ. ದೇವರ ಆ ಮೆಲ್ಲನೆಯ ದನಿ ಅವನಿಗೆ ಕೇಳಿಸುವುದು ಆಮೇಲೆ. ಮೊದಲು ಊಟ, ನಿದ್ದೆ. ನಮ್ಮ ಕಡೆ ಪ್ರಸಂಗ ಮಾಡುವವರು ಬೇಗ ಬೇಗ ಆ ದನಿಯ ಕಡೆ ಹೋಗಿಬಿಡುತ್ತಾರೆ. ಆ ರೊಟ್ಟಿಯ ಹತ್ತಿರ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು ಅಂತ ನನಗೆ ಈಗ ಅನ್ನಿಸುತ್ತದೆ.

ಬೆಳಗಾಯಿತು. ಮುಂದಿನದು ನಿಮಗೆ ಗೊತ್ತು. ದಿನ ಕಳೆದ ಮೇಲೆ ಅವರು ಅದೇ ಅಂಗಿ ಹಾಕಿಕೊಂಡು ಮನೆಗೆ ಬಂದರು.

ಮನೆಗೆ ಬಂದ ಮೇಲಿನ ತಿಂಗಳುಗಳು ಬೇರೆ ರೀತಿಯ ಕಷ್ಟ. ಆಸ್ಪತ್ರೆಯಲ್ಲಿ ಜನ ಇರುತ್ತಾರೆ, ಗದ್ದಲ ಇರುತ್ತದೆ. ಮನೆಯಲ್ಲಿ ನಾವಿಬ್ಬರೇ. ಹೊತ್ತಿಗೆ ಸರಿಯಾಗಿ ಗುಳಿಗೆ, ಗಂಜಿ, ಮೈ ಒರೆಸುವುದು, ಬಟ್ಟೆ, ಬಕೀಟು. ರಾತ್ರಿ ಅವರು ಮಲಗಿದ ಮೇಲೆ ಹೊಲಿಗೆ ಮಷಿನ್ನು. ಸಂಡೇ ಸ್ಕೂಲು ಬಿಟ್ಟೆ. ಗಾಯನ ಮಂಡಳಿ ಬಿಟ್ಟೆ. ಎಷ್ಟೋ ಭಾನುವಾರ ಆರಾಧನೆಗೇ ಹೋಗಲು ಆಗಲಿಲ್ಲ. ದೇವರ ಕೆಲಸ ಅಂತ ನಾನು ಮಾಡುತ್ತಿದ್ದದ್ದೆಲ್ಲ ಒಂದೊಂದಾಗಿ ಕೈಬಿಟ್ಟಿತು. ಉಳಿದದ್ದು ಒಲೆ, ಮಷಿನ್ನು, ಹಾಸಿಗೆ. ಹಾಗಾದರೆ ದೇವರು ನನ್ನನ್ನು ಯಾಕೆ ಇಟ್ಟಿದ್ದಾನೆ? ಈ ಪ್ರಶ್ನೆ ಗುಳಿಗೆ ಡಬ್ಬಿ ತೆರೆದಾಗಲೆಲ್ಲ ಬರುತ್ತಿತ್ತು.

ನಮ್ಮ ಸಭಾಪಾಲಕರು ಮನೆಗೆ ಬಂದಾಗ ಇದನ್ನು ಕೇಳಿದೆ. ಅವರು ಉದ್ದ ಮಾತಾಡಲಿಲ್ಲ, ಅದಕ್ಕೂ ಅವರಿಗೆ ಥ್ಯಾಂಕ್ಸ್. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಒಂದು ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು, ವರ್ಷಗಟ್ಟಲೆ ಅಡುಗೆಮನೆಯ ಕೆಲಸ ಮಾಡಿದರು, ಪಾತ್ರೆಗಳ ನಡುವೆಯೇ ದೇವರ ಜೊತೆ ಮಾತಾಡುತ್ತಿದ್ದರು ಅಂದರು. ಆಮೇಲೆ ಮಾರ್ಕನ ಸುವಾರ್ತೆಯ 6ನೇ ಅಧ್ಯಾಯ ಓದಿ ಅಂತ ಹೇಳಿ ಪ್ರಾರ್ಥನೆ ಮಾಡಿ ಹೋದರು.

ಓದಿದೆ. ಊರಿನವರು ಯೇಸುಸ್ವಾಮಿಯನ್ನು ನೋಡಿ, ಇವನು ಆ ಬಡಗಿ ಅಲ್ವಾ ಅನ್ನುವ ಜಾಗ ಅದು. ಸ್ವಾಮಿ ಉಪದೇಶ ಶುರು ಮಾಡಿದಾಗ ಹೆಚ್ಚು ಕಡಿಮೆ 30 ವರ್ಷ ಅಂತ ಲೂಕ ಬರೆಯುತ್ತಾನೆ. ಅದಕ್ಕೆ ಮೊದಲು ಎಷ್ಟು ವರ್ಷ ನಜರೇತಿನಲ್ಲಿ ಮರ ಕೊಯ್ದಿರಬೇಕು, ಕೀಲು ಜೋಡಿಸಿರಬೇಕು! ಆ ವರ್ಷಗಳ ಬಗ್ಗೆ ಸುವಾರ್ತೆಯಲ್ಲಿ ಹೆಚ್ಚೇನೂ ಇಲ್ಲ. ಇನ್ನೂ ಒಂದೂ ಅದ್ಭುತ ಮಾಡಿರಲಿಲ್ಲ, ಆದರೂ ದೀಕ್ಷಾಸ್ನಾನದ ದಿನ ತಂದೆಯಾದ ದೇವರು, ಈತನನ್ನು ನಾನು ಮೆಚ್ಚಿದ್ದೇನೆ ಅಂದರು. ಅಲ್ಲಿಯ ತನಕ ಮಾಡಿದ್ದು ಮರಗೆಲಸ, ಮನೆಗೆಲಸ. ಅದನ್ನು ಓದಿ ನಾನು ಅತ್ತೆ. ದುಃಖಕ್ಕಲ್ಲ.

ಅಂದಿನಿಂದ ಸತ್ಯವೇದ ಅಂದರೆ ಬೈಬಲ್ ಓದುವಾಗ ಕೆಲಸ ಮಾಡುವವರೇ ಕಣ್ಣಿಗೆ ಬೀಳುತ್ತಾರೆ. ಅಪೊಸ್ತಲ ಪೌಲ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಮಾಡುತ್ತಿದ್ದ. ಯೊಪ್ಪದ ತಬಿಥ ನನಗೆ ತುಂಬಾ ಹತ್ತಿರ. ಅವಳು ಸತ್ತಾಗ ವಿಧವೆಯರು ಪೇತ್ರನ ಸುತ್ತ ನಿಂತು ಅಳುತ್ತಾ, ಅವಳು ಹೊಲಿದು ಕೊಟ್ಟ ಬಟ್ಟೆಗಳನ್ನು ತೋರಿಸುತ್ತಾರೆ. ಅವಳು ಏನು ಮಾತಾಡಿದಳು ಅಂತ ಒಂದು ಸಾಲೂ ಇಲ್ಲ. ಬಟ್ಟೆ ಇದೆ. ಹೊಲಿಯುವವಳಾದ ನನಗೆ ಇದು ಎಷ್ಟು ದೊಡ್ಡ ಮಾತು ಅಂತ ನಿಮಗೆ ಅರ್ಥವಾಗುತ್ತದೆ.

ಮಾರ್ಥಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಸ್ವಾಮಿ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಒದ್ದಾಡಿದವಳು ಅಂತ ಅವಳನ್ನು ಯಾವಾಗಲೂ ಕೆಳಗೆ ಇಡುತ್ತಾರೆ. ಸ್ವಾಮಿ ಅವಳಿಗೆ ಹೇಳಿದ್ದು ಚಿಂತೆ ಜಾಸ್ತಿಯಾಯಿತು ಅಂತ. ಅಡುಗೆ ಮಾಡಬೇಡ ಅನ್ನಲಿಲ್ಲ. ಯೋಹಾನನ 11ನೇ ಅಧ್ಯಾಯದಲ್ಲಿ ತಮ್ಮ ಲಾಜರ ತೀರಿಹೋದ ದುಃಖದಲ್ಲಿ ಎದ್ದು ಬಂದು, ನೀನು ಕ್ರಿಸ್ತನು, ದೇವರ ಮಗನು ಅಂತ ಹೇಳಿದವಳು ಇದೇ ಮಾರ್ಥ. ಮುಂದಿನ ಅಧ್ಯಾಯದಲ್ಲಿ ಅವಳು ಮತ್ತೆ ಊಟ ಬಡಿಸುತ್ತಿದ್ದಾಳೆ. ಆಗ ಅವಳಿಗೆ ಯಾರೂ ಏನೂ ಅನ್ನುವುದಿಲ್ಲ.

ಸ್ವಾಮಿಯೇ ಅಡುಗೆ ಮಾಡಿದ್ದೂ ಇದೆ. ಸತ್ತು ಜೀವದಿಂದ ಎದ್ದು ಬಂದ ಮೇಲೆ, ರಾತ್ರಿಯೆಲ್ಲ ಬಲೆ ಬೀಸಿ ದಣಿದ ಶಿಷ್ಯರಿಗೆ ದಡದಲ್ಲಿ ಕೆಂಡದ ಮೇಲೆ ಮೀನು, ಜೊತೆಗೆ ರೊಟ್ಟಿ. ಬನ್ನಿ, ಊಟ ಮಾಡಿ ಅಂದರು. ಎಲೀಯನಿಗೂ ಕೆಂಡ, ರೊಟ್ಟಿ. ಇವರಿಗೂ ಕೆಂಡ, ರೊಟ್ಟಿ. ಈಗ ಬೆಳಿಗ್ಗೆ ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುವಾಗ ನಾನು ಸ್ವಾಮಿಯ ಜೊತೆ ಮಾತಾಡುತ್ತೇನೆ. ದೊಡ್ಡ ಪ್ರಾರ್ಥನೆ ಅಲ್ಲ. ಇದು ಅವರಿಗೆ ಬಲ ಕೊಡಲಿ ಅನ್ನುತ್ತೇನೆ. ಮಷಿನ್ನು ತುಳಿಯುವಾಗ, ಯಾರ ಕುಪ್ಪಸ ಹೊಲಿಯುತ್ತೇನೋ ಅವರ ಮನೆಗಾಗಿ ಬೇಡುತ್ತೇನೆ. ನಿಮ್ಮಲ್ಲಿ ಎಷ್ಟೋ ಜನರಿಗೆ ಇದು ಗೊತ್ತಿಲ್ಲ. ನಿಮ್ಮ ಕುಪ್ಪಸದ ಹೊಲಿಗೆಯಲ್ಲಿ ನಿಮ್ಮ ಹೆಸರಿನ ಪ್ರಾರ್ಥನೆ ಇದೆ.

ಈ ಊರಿಗೆ ಸುವಾರ್ತೆ ಸಾರುವ ಬಾಸೆಲ್ ಮಿಷನ್ ಬಂದಿದ್ದು 1851ರಲ್ಲಿ. ಅಂದಿನಿಂದ ಎಷ್ಟು ಜನ ಇಲ್ಲಿ ನಂಬಿಕೆಯಲ್ಲಿ ಬದುಕಿ ಹೋದರು. ಹೆಚ್ಚಿನವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ದುಡಿದರು, ಮಕ್ಕಳನ್ನು ಓದಿಸಿದರು, ಭಾನುವಾರ ಹಾಡಿದರು. ನನಗೂ ಅಂಥ ಬದುಕು ಕೊಟ್ಟಿದ್ದಾನೆ ದೇವರು. ಸಂತೋಷದಿಂದ ತಗೊಂಡಿದ್ದೇನೆ.

ದೊಡ್ಡವ್ವ ಈಗಲೂ ದಿನಾ ಬರುತ್ತಾಳೆ. ನಮ್ಮವರಿಗೆ ಬಗ್ಗಲು ಆಗುವುದಿಲ್ಲ ಅಂತ ಅವರ ಕಂಡಿಕೆಗಳನ್ನೂ ಅವಳೇ ಸುತ್ತಿ, ಬುಟ್ಟಿಯಲ್ಲಿ ಹಾಕಿ, ಕೈಗೆ ಸಿಗುವ ಎತ್ತರದಲ್ಲಿ ಇಟ್ಟು ಹೋಗುತ್ತಾಳೆ. ಕೂಲಿ ಕೊಡಲು ಹೋದರೆ ಬೈಯುತ್ತಾಳೆ. ನನ್ನ ನೆರೆಯವನು ಯಾರು ಅಂತ ಒಬ್ಬ ಪಂಡಿತ ಕೇಳಿದಾಗ ಸ್ವಾಮಿ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿ ನೋಡಿಕೊಂಡ, ಬೇರೆ ಜನದವನಾದ ಸಮಾರ್ಯನ ಕಥೆ ಹೇಳಿದರಲ್ಲ, ನನ್ನ ಮಗಳಿಗೆ ಆ ಕಥೆ ಹೇಳಿದರೆ ಅವಳು, ನಮ್ಮ ದೊಡ್ಡಾಯಿ ಇದ್ದ ಹಾಗೆ ಅನ್ನುತ್ತಾಳೆ.

ಮಗ್ಗಕ್ಕೆ ಕೂತ ಮೇಲೆ ನಮ್ಮವರು ಇಳಿಸಿದ ಮೊದಲ ಖಣವನ್ನು, ಅಂದರೆ ಕುಪ್ಪಸದ ಬಟ್ಟೆಯನ್ನು, ದೊಡ್ಡವ್ವನಿಗೆ ಕೊಟ್ಟೆವು. ಕೆಂಪು ಒಡಲು, ಹಸಿರು ದಡಿ. ಜೀವನವೆಲ್ಲ ಖಣದ ನೂಲು ಮುಟ್ಟಿದವಳು. ಆದರೆ ತನಗೆ ಅಂತ ಒಂದು ಖಣ ತಗೊಂಡು ಎಷ್ಟು ವರ್ಷವಾಗಿತ್ತೋ. ಬೆಳಕಿಗೆ ಹಿಡಿದು, ಮಗುಚಿ ಹಾಕಿ, ಹಿಂದೆ ಮುಂದೆ ನೋಡಿದಳು. ಎಳೆ ಎಲ್ಲೂ ತಪ್ಪಿಲ್ಲ ಅಂದಳು ನಮ್ಮವರಿಗೆ. ಅವರ ಮುಖ ನೋಡಬೇಕಿತ್ತು. ಆಮೇಲೆ ನನ್ನ ಕಡೆ ತಿರುಗಿ, “ನೀನ ಹೊಲಿದ ಕೊಡಬೇಕ, ಬ್ಯಾರೆ ಯಾರ ಕಡೀನೂ ಕೊಡಂಗಿಲ್ಲ” ಅಂದಳು.

ಅದಕ್ಕೆ, ಕುಪ್ಪಸ ಹೊಲಿಯಲು ಕೊಟ್ಟು ಇಷ್ಟು ದಿನ ಒಂದು ಮಾತೂ ಕೇಳದೆ ಕಾದಿರುವ ಅಕ್ಕ ತಂಗಿಯರಿಗೆ ಒಂದು ವಿನಂತಿ. ನಿಮ್ಮ ಬಟ್ಟೆಗಳೆಲ್ಲ ಜೋಪಾನವಾಗಿವೆ. ಹೆಸರಿನ ಚೀಟಿ ಹಚ್ಚಿ ಇಟ್ಟಿದ್ದೇನೆ. ಈ ವಾರ ದೊಡ್ಡವ್ವನ ಕುಪ್ಪಸ ಮೊದಲು ಮುಗಿಸುತ್ತೇನೆ. ಬರುವ ಸೋಮವಾರದಿಂದ ನೀವು ಕೊಟ್ಟ ಸರದಿಯಲ್ಲೇ ನಿಮ್ಮದು. ಮನೆಗೆ ಬನ್ನಿ, ಚಹಾ ಕುಡಿದು ಹೋಗಿ. ಸಂಜೆ ಎಂಟರೊಳಗೆ ಬಂದರೆ ನಮ್ಮವರೂ ಎದ್ದಿರುತ್ತಾರೆ, ನಿಮ್ಮ ಜೊತೆ ಮಾತಾಡುವುದು ಅಂದರೆ ಅವರಿಗೆ ಈಗ ಬಹಳ ಇಷ್ಟ.