ಆ್ಯಪ್ ತಂದರೆ ಸಾಲದು, ಬೀಕನ್ ನೋಡಿಕೊಳ್ಳುವವರೂ ಬೇಕು

ಮಾನ್ಯ ಸಂಪಾದಕರೇ,

ಅಂಗವಿಕಲರ ಸುಗಮ ಸಂಚಾರದ ವಿಷಯವನ್ನು ಬರೀ ಮಾರ್ಗಸೂಚಿಗೆ ಬಿಡದೆ ಕಡ್ಡಾಯ ನಿಯಮ ರೂಪಿಸಿ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಕೇಂದ್ರಕ್ಕೆ ಸೂಚಿಸಿತು. ಮೆಟ್ರೊ, ಆಸ್ಪತ್ರೆ, ಬಸ್ ನಿಲ್ದಾಣಗಳ ಒಳಗೆ ಅಂಧರಿಗೆ ಫೋನಿನ ಆ್ಯಪ್ ಮೂಲಕ ಧ್ವನಿಯಲ್ಲಿ ದಾರಿ ಹೇಳುವ ವ್ಯವಸ್ಥೆಗೆ ಟೆಂಡರ್ ಬರೆಯುವವರು ಕೆಲವು ಸಂಗತಿಗಳನ್ನು ಮೊದಲೇ ಗಮನಿಸಬೇಕು.

ಕಾಂಕ್ರೀಟ್ ಚಾವಣಿಯ ಕೆಳಗೆ ಜಿಪಿಎಸ್ ನಂಬುವಂತಿಲ್ಲ. ಅದಕ್ಕೇ ಗೋಡೆ, ಕಂಬಗಳಿಗೆ ಬ್ಲೂಟೂತ್ ಬೀಕನ್ (ಸದಾ ಸಂಕೇತ ಬಿಡುವ ಪುಟ್ಟ ಸಾಧನ) ಅಂಟಿಸುತ್ತಾರೆ. ಸಂಕೇತದ ಬಲ ನೋಡಿ ಫೋನು ಜಾಗವನ್ನು ಅಂದಾಜು ಮಾಡುತ್ತದೆ. ಎರಡು–ಮೂರು ಮೀಟರ್ ಆಚೀಚೆ ಆಗುವುದು ಮಾಮೂಲು. 2.4 ಗಿಗಾಹರ್ಟ್ಸ್ ತರಂಗವನ್ನು ಮನುಷ್ಯರ ಮೈಯಲ್ಲಿರುವ ನೀರು ಹೀರಿಕೊಳ್ಳುವುದರಿಂದ, ಖಾಲಿ ನಿಲ್ದಾಣದಲ್ಲಿ ಸರಿಯಾಗಿದ್ದ ಲೆಕ್ಕ ಸಂಜೆಯ ನೂಕುನುಗ್ಗಲಿನಲ್ಲಿ ತಪ್ಪುತ್ತದೆ. ಬೀಕನ್ ಜನರ ತಲೆಗಿಂತ ಮೇಲೆ, ಎರಡೂವರೆ–ಮೂರು ಮೀಟರ್ ಎತ್ತರದಲ್ಲಿರಲಿ; ಪರೀಕ್ಷೆಯೂ ದಟ್ಟಣೆಯ ಹೊತ್ತಿನಲ್ಲೇ ನಡೆಯಲಿ. ಎಲ್ಲಕ್ಕಿಂತ ಅಪಾಯದ ದೋಷ ಮೆಟ್ಟಿಲುಗಳ ಬಳಿಯದು: ಕೆಳ ಅಂತಸ್ತಿನ ಸಂಕೇತ ಮೇಲಕ್ಕೆ ಬಂದು, ಇನ್ನೂ ಮೇಲೇ ಇರುವವರಿಗೆ ‘ಪ್ಲಾಟ್‌ಫಾರಂ ತಲುಪಿದ್ದೀರಿ’ ಎಂದುಬಿಡುತ್ತದೆ. ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುವ ಫೋನಿನಲ್ಲಿ ಇದನ್ನು ತಡೆಯಬಹುದು. ಒಂದು ಮೀಟರ್ ಇಳಿದರೆ ಒತ್ತಡ ಸುಮಾರು 12 ಪ್ಯಾಸ್ಕಲ್ (ಒತ್ತಡದ ಅಳತೆ) ಏರುವುದರಿಂದ ಯಾವ ಅಂತಸ್ತೆಂದು ಫೋನಿಗೆ ತಿಳಿಯುತ್ತದೆ. ಫೋನಿನ ದಿಕ್ಸೂಚಿಯನ್ನಂತೂ ಎಸ್ಕಲೇಟರ್, ಉಕ್ಕಿನ ಕಂಬಗಳ ಹತ್ತಿರ ನೆಚ್ಚಿಕೊಳ್ಳಬಾರದು.

ಇನ್ನು ಮಾತಿನ ವಿಷಯ. ಸೆಕೆಂಡಿಗೆ ಒಂದು ಮೀಟರ್ ನಡೆಯುವವರಿಗೆ ಸೂಚನೆ ಎರಡು ಸೆಕೆಂಡ್ ತಡವಾದರೆ ತಿರುವು ಎರಡು ಮೀಟರ್ ಹಿಂದೆ ಉಳಿದಿರುತ್ತದೆ. ‘ಇಪ್ಪತ್ತು ಮೀಟರ್ ನಡೆದು ಎಡಕ್ಕೆ ತಿರುಗಿ’ ಎಂದರೆ ಬಿಳಿಕೋಲಿಗೆ ಏನೂ ಸಿಗುವುದಿಲ್ಲ. ‘ಉದ್ದಗೆರೆಯ ಟೈಲ್ಸ್ ಹಿಡಿದು ನೇರ ಹೋಗಿ, ಚುಕ್ಕೆ ಟೈಲ್ಸ್ ಸಿಕ್ಕಾಗ ನಿಲ್ಲಿ, ಎಡಕ್ಕೆ ಕೆಳಗಿಳಿಯುವ ಮೆಟ್ಟಿಲಿದೆ’ ಎಂದರೆ ಬೀಕನ್ ಮಾಡಿದ ತಪ್ಪನ್ನು ಕೋಲೇ ಸರಿಪಡಿಸಿಕೊಳ್ಳುತ್ತದೆ. ಹೀಗಾಗಿ ಆ್ಯಪ್ ಬಂತೆಂದು ನೆಲದ ಈ ಉಬ್ಬು ಗೆರೆ, ಚುಕ್ಕೆಗಳ ಟೈಲ್ಸ್ ಕೈಬಿಡುವಂತಿಲ್ಲ; ಅದರ ಮೇಲೆ ಬ್ಯಾರಿಕೇಡ್, ಸ್ಕ್ಯಾನರ್ ಇಡುವಂತೆಯೂ ಇಲ್ಲ. ಸೂಚನೆಯ ಭಾಷೆಯನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಯೂ ಇಲ್ಲ. 2015ರಲ್ಲಿ ಲಂಡನ್ನಿನ ಪಿಮ್ಲಿಕೊ ನಿಲ್ದಾಣದಲ್ಲಿ ಪ್ರಯೋಗ ನಡೆಸಿದ ‘ವೇಫೈಂಡರ್’ ಯೋಜನೆಯ ಆಧಾರದ ಮೇಲೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2017ರಲ್ಲಿ ಧ್ವನಿಯಲ್ಲಿ ದಾರಿ ಹೇಳುವ ಕುರಿತು ಎಫ್.921 ಎಂಬ ಶಿಫಾರಸನ್ನೇ ಹೊರತಂದಿದೆ. ಅದನ್ನು ಇಟ್ಟುಕೊಂಡು ಕನ್ನಡದ ವಾಕ್ಯಗಳನ್ನು ಬಳಕೆದಾರರ ಜೊತೆ ಕೂತು ಬರೆಯಬೇಕು, ಯಂತ್ರಾನುವಾದ ಬೇಡ. ನೆಲದಡಿ ನೆಟ್‌ವರ್ಕ್ ಹೋದರೂ ಧ್ವನಿ ನಿಲ್ಲದಂತೆ ನಕ್ಷೆ ಫೋನಿನಲ್ಲೇ ಇರಬೇಕು.

ಬೀಕನ್‌ಗಳಲ್ಲಿ ಬ್ಯಾಟರಿ ಮುಗಿಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಕವಲಿನಲ್ಲಿರುವ ಒಂದೇ ಒಂದು ಕೆಟ್ಟರೂ ಇಡೀ ದಾರಿ ಕಡಿಯುತ್ತದೆ. ಬ್ಯಾಟರಿ ಮಟ್ಟವನ್ನು ತಾನೇ ತಿಳಿಸುವ ಬೀಕನ್ ಕೊಳ್ಳುವುದು, ತಿಂಗಳಿಗೊಮ್ಮೆ ಸಿಬ್ಬಂದಿ ದಾರಿ ನಡೆದು ಪರೀಕ್ಷಿಸುವುದು, ದ್ವಾರ ಬದಲಾದ ದಿನವೇ ನಕ್ಷೆ ತಿದ್ದುವುದು, ಐದು ವರ್ಷದ ನಿರ್ವಹಣೆ, ಇವೆಲ್ಲ ಟೆಂಡರಿನಲ್ಲೇ ಬರಲಿ. ಬಿಳಿಕೋಲು ಬಳಸುವವರು ದಟ್ಟಣೆಯ ಹೊತ್ತಿನಲ್ಲಿ ಗೇಟಿನಿಂದ ಪ್ಲಾಟ್‌ಫಾರಂವರೆಗೆ ತಾವೇ ನಡೆದು ನೋಡಿ ಒಪ್ಪಿದ ಮೇಲಷ್ಟೇ ಗುತ್ತಿಗೆದಾರರಿಗೆ ಕೊನೆಯ ಕಂತು ಬಿಡುಗಡೆಯಾಗಲಿ.

– ಅಂಧರ ಸಂಚಾರ ತರಬೇತುದಾರರು, ಬೆಂಗಳೂರು