ಮೊದಲ ಪರಮಪ್ರಸಾದಕ್ಕೆ ಇಷ್ಟೊಂದು ಆಡಂಬರ ಬೇಕಾ?

ಮಾನ್ಯರೇ,

ನಮ್ಮ ಕರಾವಳಿಯ ಕೆಥೊಲಿಕ್ ಮನೆಗಳಲ್ಲಿ ಮಕ್ಕಳ ಮೊದಲ ಪರಮಪ್ರಸಾದ (ಯೇಸುವಿನ ದೇಹವೆಂದು ನಂಬುವ ರೊಟ್ಟಿಯನ್ನು ಮಗು ಪೂಜೆಯಲ್ಲಿ ಮೊದಲ ಸಲ ಸ್ವೀಕರಿಸುವುದು) ಈಗೀಗ ಸಣ್ಣ ಮದುವೆಯೇ ಆಗಿಬಿಟ್ಟಿದೆ. ಹಾಲ್, ಸ್ಟೇಜು, ಅಂತಸ್ತಿನ ಕೇಕು, ಮೇಲಿಂದ ಡ್ರೋನ್ ಬೇರೆ. ಬಿಳಿ ಫ್ರಾಕಿನ ಹುಡುಗಿ ಫೋಟೊಗ್ರಾಫರ್ ಹೇಳಿದ ಕಡೆಗೆಲ್ಲ ಕತ್ತು ತಿರುಗಿಸಿ ಸುಸ್ತಾಗಿರುತ್ತಾಳೆ. ಸಾಲ ಮಾಡಿ ನಡೆಸುವವರೂ ಇದ್ದಾರೆ.

ಹಿಂದೆ ಹೀಗಿರಲಿಲ್ಲ. ಆರಂಭದ ಶತಮಾನಗಳಲ್ಲಿ ಹಸುಗೂಸಿಗೂ ಜ್ಞಾನಸ್ನಾನದ (ಬ್ಯಾಪ್ಟಿಸಮ್) ಜೊತೆಗೇ ಪ್ರಸಾದ ಕೊಡುತ್ತಿದ್ದರು. ಬ್ರಹ್ಮಾವರದಲ್ಲೂ ಇರುವ ಸಿರಿಯನ್ ಆರ್ಥೊಡಾಕ್ಸ್ ಕ್ರೈಸ್ತ ಸಭೆಯಲ್ಲಿ ಈಗಲೂ ಅದೇ ಕ್ರಮ. ರೋಮಿನ, ಅಂದರೆ ನಮ್ಮ ಕೆಥೊಲಿಕ್ ಸಭೆಯಲ್ಲಿ ಅದು ನಿಂತುಹೋಯಿತು. 1215ರಲ್ಲಿ ರೋಮಿನಲ್ಲಿ ಬಿಷಪರು ಸೇರಿದ್ದ ಲ್ಯಾಟರನ್ ಮಹಾಸಭೆ, ತಿಳಿವಳಿಕೆ ಬಂದ ಮೇಲೆ ವರ್ಷಕ್ಕೊಮ್ಮೆಯಾದರೂ ಸ್ವೀಕರಿಸಬೇಕು ಎಂದಿತು. ಆ ‘ತಿಳಿವಳಿಕೆ’ಯನ್ನು ಕೆಲವೆಡೆ 12, 14 ವರ್ಷ ವಯಸ್ಸಿನವರೆಗೂ ಎಳೆದರು! 1910ರಲ್ಲಿ ಹತ್ತನೇ ಪಿಯುಸ್ ಪೋಪರು 7ರ ಆಸುಪಾಸು ಸಾಕು ಎಂದರು. ಕೇಳಿದ್ದು ಜಾಸ್ತಿ ಏನಲ್ಲ. ನಂಬಿಕೆಯ ಮುಖ್ಯ ವಿಷಯಗಳು ಮಗುವಿಗೆ ತನ್ನ ಮಟ್ಟಿಗೆ ಅರ್ಥವಾಗಬೇಕು, ಮಾಮೂಲಿ ರೊಟ್ಟಿಗೂ ಪ್ರಸಾದಕ್ಕೂ ಇರುವ ವ್ಯತ್ಯಾಸ ಗೊತ್ತಿರಬೇಕು, ಭಕ್ತಿಯಿಂದ ಸ್ವೀಕರಿಸಬೇಕು, ಅಷ್ಟೇ.

ಚರ್ಚಿನ ಪಾಲನಾ ಮಂಡಳಿಗಳು ಈ ಬಗ್ಗೆ ಪೋಷಕರ ಜೊತೆ ಮಾತಾಡಲಿ. ಎಲ್ಲ ಮಕ್ಕಳಿಗೂ ಒಂದೇ ಬಗೆಯ ಸರಳ ಉಡುಪು, ಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲೇ ಒಟ್ಟಿಗೆ ತಿಂಡಿ. ಇಷ್ಟಾದರೆ ಸಾಕಲ್ವಾ?

– ಒಬ್ಬ ಪೋಷಕಿ, ಉಡುಪಿ